ಹಿತ್ತಿಲ ಕೋಣೆಯ ಬಗ್ಗೆ ಎರಡು ಸಾಲು

ಮಾರ್ಚ್ 3, ಸೋಮವಾರ

ವಾರದ ರಜೆ. ಬೋರ್ಡಿನಲ್ಲಿ ಹಾಗಿದೆ. ಬರಹಗಾರರ ಮನೆ ನೋಡಲು ಬರುವ ಜನಕ್ಕೆ ರಜೆ, ನನಗಲ್ಲ. ಬೆಳಿಗ್ಗೆಯಿಂದ ಗಾಜಿನ ಪೆಟ್ಟಿಗೆ ಒರೆಸುವುದೇ ಆಯಿತು. ಮೂರನೆಯದರಲ್ಲಿರುವ ಪತ್ರ ಮತ್ತೆ ಬಿಳಚಿಕೊಂಡಿದೆ — ಬರಹಗಾರರು ಹೆಂಡತಿಗೆ ಬರೆದದ್ದು, ಬಾವಿಯ ಹಗ್ಗ ಬದಲಾಯಿಸು ಅನ್ನುವ ಪತ್ರ. ಅಸಲಿಯಲ್ಲ. ಅಸಲಿಗಳೆಲ್ಲ ಕಬ್ಬಿಣದ ಬೀರುವಿನಲ್ಲಿವೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಬೆಳಕಿಗಿಟ್ಟರೆ ಹಳೇ ಶಾಯಿ ನಿಲ್ಲುವುದಿಲ್ಲ ಅಂತ ಹನ್ನೆರಡು ವರ್ಷದಿಂದ ನಾನೇ ಅವರ ಅಕ್ಷರದಲ್ಲಿ ನಕಲು ಮಾಡಿ ಇಡುತ್ತಿದ್ದೇನೆ. ಶಾಯಿಗೆ ನೀರು ಬೆರೆಸಬೇಕು. ಬರೆದ ಮೇಲೆ ಎರಡು ದಿನ ಕಿಟಕಿಯ ಬಿಸಿಲಿಗಿಡಬೇಕು. ಕೆಳಗೆ ಸಣ್ಣ ಚೀಟಿ: 'ನಕಲು'. ಯಾರೂ ಓದುವುದಿಲ್ಲ. "ಆಹಾ, ಎಂಥ ಅಕ್ಷರ! ಮನುಷ್ಯ ಎದುರಿಗೇ ಕೂತ ಹಾಗಿದೆ" ಅನ್ನುತ್ತಾರೆ. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೇನೆ. ಒಳಗೊಳಗೇ ಖುಷಿ. ಸುಳ್ಳೇಕೆ ಹೇಳಲಿ.

ದೊಡ್ಡಮ್ಮ ಹಿತ್ತಿಲ ಕೋಣೆಯಿಂದ ಎದ್ದು ಬಂದು ಟೀಗೆ ನೀರಿಟ್ಟಳು. ಕಣ್ಣು ಹೋಗಿ ಆರು ವರ್ಷ. ಮಂಚದಿಂದ ಬಾಗಿಲಿಗೆ ನಾಲ್ಕು ಹೆಜ್ಜೆ, ಬಾಗಿಲಿಂದ ಒಲೆಗೆ ಹನ್ನೊಂದು, ಒಲೆಯಿಂದ ನಲ್ಲಿಗೆ ಎಂಟು. ಗೇಟು ದಾಟಿದರೆ ನನ್ನ ತೋಳು ಬೇಕು. ಮನೆಯೊಳಗೆ ಮಾತ್ರ "ಅಡ್ಡ ನಿಲ್ಲಬೇಡ, ದಾರಿ ಬಿಡು" ಅಂತ ನನಗೇ ಗದರುತ್ತಾಳೆ.

"ಏನೇ, ಯಜಮಾನರ ಕಾಗದ ತಿದ್ದೋದು ಆಯ್ತಾ?"

"ತಿದ್ದೋದಲ್ಲ ದೊಡ್ಡಮ್ಮ, ನಕಲು."

"ಏನೋ ಒಂದು. ಬದುಕಿದ್ದಾಗ ಇಷ್ಟು ಬರೀಲಿಲ್ಲ ಪುಣ್ಯಾತ್ಮ. ಸತ್ತ ಮೇಲೆ ನಿನ್ನ ಕೈಲಿ ಬರೀತಾನೇ ಇದಾರೆ."

ನಕ್ಕು ಟೀ ಚೆಲ್ಲಿಕೊಂಡೆ.

ಮಾರ್ಚ್ 5, ಬುಧವಾರ

ಮನೆ ನಡೆಸುವ ಟ್ರಸ್ಟಿನವರು ಕಳಿಸಿದ ಆರ್ಕಿಟೆಕ್ಟ್ ಬಂದಿದ್ದಳು. ಚಿಕ್ಕ ವಯಸ್ಸು, ಚುರುಕು. ಕೈಯಲ್ಲಿ ಸದಾ ಅಳತೆಯ ಟೇಪು. ದೊಡ್ಡಮ್ಮ ಅದರ ಸರಸರ ಸದ್ದು ಕೇಳಿಯೇ 'ಟೇಪಿನ ಮೇಡಂ' ಅಂತ ಹೆಸರಿಟ್ಟಳು.

ಮನೆಗೆ ಸ್ಮಾರಕದ ಪಟ್ಟ ಸಿಗುವುದು ಬಹುತೇಕ ಖಾಯಂ ಅಂತೆ. ನಿಯಮ ಒಂದೇ. ಬರಹಗಾರರು ತೀರಿಕೊಂಡ ದಿನ ಮನೆ ಹೇಗಿತ್ತೋ ಹಾಗೇ ಇರಬೇಕು. ಅಂದು ಇದ್ದದ್ದು ಉಳಿಯುತ್ತದೆ. ಆಮೇಲೆ ಬಂದದ್ದನ್ನು ಕೀಳುತ್ತಾರೆ.

ಹಿತ್ತಿಲ ಕೋಣೆಯ ಗೋಡೆಯನ್ನು ಬೆರಳಿಂದ ಕುಟ್ಟಿ ಕೇಳಿದಳು, "ಇದು ಆಮೇಲೆ ಸೇರಿಸಿದ್ದಾ ಮೇಡಂ? ಇಟ್ಟಿಗೆ ಹಳೇದೇ. ಆದರೆ ನಕ್ಷೆಯಲ್ಲಿ ಕಾಣ್ತಾ ಇಲ್ಲ."

"ಗೊತ್ತಿಲ್ಲ... ಕಾಗದಪತ್ರ ನೋಡ್ಬೇಕು."

"ಅಜ್ಜಿಯನ್ನ ಕೇಳಬಹುದಾ?"

"ಮಲಗಿದಾರೆ" ಅಂದೆ. ದೊಡ್ಡಮ್ಮ ನಲ್ಲಿಯ ಹತ್ತಿರ ಪಾತ್ರೆ ತೊಳೆಯುವ ಸದ್ದು ಇಬ್ಬರಿಗೂ ಕೇಳುತ್ತಿತ್ತು.

ಮಾರ್ಚ್ 6, ಗುರುವಾರ

ಗೊತ್ತಿಲ್ಲದೆ ಏನು. ಚೆನ್ನಾಗಿ ಗೊತ್ತು. ಬರಹಗಾರರು ಹೋದ ಮರುವರ್ಷ ಅಮ್ಮನವರು, ಅಂದರೆ ಅವರ ಹೆಂಡತಿ, ಬಿದ್ದುಹೋದ ದನದ ಕೊಟ್ಟಿಗೆಯ ಇಟ್ಟಿಗೆ ಆರಿಸಿ ಆ ಕೋಣೆಯನ್ನು ದೊಡ್ಡಮ್ಮನಿಗೆ ಕಟ್ಟಿಸಿಕೊಟ್ಟರು. ಇಪ್ಪತ್ತು ವರ್ಷ ಅಡುಗೆ ಮಾಡಿ ಹಾಕಿದವಳು ಮೆಟ್ಟಿಲ ಕೆಳಗೆ ಮಲಗುವುದು ಬೇಡ, ನಿನಗೂ ಒಂದು ಬಾಗಿಲಿರಲಿ ಅಂತ. ನನ್ನಮ್ಮ ಸತ್ತಾಗ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಬಂದದ್ದು ಆ ಕೋಣೆಗೇ. ನನಗಾಗ ಏಳು ವರ್ಷ, ಸುಣ್ಣ ಇನ್ನೂ ಹಸಿಯಿತ್ತು.

ಸಾಯುವ ತನಕ ಇಲ್ಲೇ ಇರು ಅಂದಿದ್ದರು ಅಮ್ಮನವರು. ಬಾಯಿ ಮಾತು. ಮನೆಯನ್ನು ಟ್ರಸ್ಟಿಗೆ ಬರೆದುಕೊಟ್ಟ ಕಾಗದದಲ್ಲಿ ಆ ಮಾತಿಲ್ಲ.

ಟ್ರಸ್ಟಿನ ಕಾರ್ಯದರ್ಶಿಗೆ ಫೋನ್ ಮಾಡಿದೆ. "ಅಯ್ಯೋ ಮೇಡಂ, ಅದಕ್ಕೆಲ್ಲಾ ತಲೆ ಕೆಡಿಸ್ಕೋಬೇಡಿ. ಕೋಣೆ ಹೋದರೆ ಹೋಗ್ಲಿ. ಅಜ್ಜಿಗೆ ಒಳ್ಳೇ ವೃದ್ಧಾಶ್ರಮ ನೋಡೋಣ." ಒಳ್ಳೇ ವೃದ್ಧಾಶ್ರಮ! ಅಲ್ಲಿ ಅವಳ ನಲ್ಲಿಗೆ ಎಷ್ಟು ಹೆಜ್ಜೆ? ಹೊಸ ಜಾಗದಲ್ಲಿ ಅವಳು ಒಂದೇ ವಾರದಲ್ಲಿ ಮಂಚ ಹಿಡಿಯುತ್ತಾಳೆ. ನನಗೆ ಗೊತ್ತು. ನನಗೆ ಎಲ್ಲಾದರೂ ಆದೀತು. ಅವಳಿಗೆ ಆಗುವುದಿಲ್ಲ.

ಮಾರ್ಚ್ 8, ಶನಿವಾರ

ಬೀರು ತೆಗೆದು ಕೊನೆಯ ವರ್ಷದ ಡೈರಿ ನೋಡಿದೆ. ದಿನಕ್ಕೊಂದು ಪುಟ. ಮುಕ್ಕಾಲು ಪಾಲು ಖಾಲಿ, ಕಾಯಿಲೆಯಿತ್ತಲ್ಲ. ಬರೆದದ್ದೂ ಒಂದೋ ಎರಡೋ ಸಾಲು. 'ಸೆಖೆ. ಏನೂ ಬರೆಯಲಿಲ್ಲ.' 'ಡಾಕ್ಟರು ಬಂದರು, ಹೋದರು.'

ಜನವರಿ ಹತ್ತೊಂಬತ್ತು ಖಾಲಿಯಿದೆ. ಇಪ್ಪತ್ತೂ ಖಾಲಿ.

ಮುಚ್ಚಿಟ್ಟೆ.

ಮಾರ್ಚ್ 10, ಸೋಮವಾರ, ಮಧ್ಯಾಹ್ನ 2.30

ಜನವರಿ ಹತ್ತೊಂಬತ್ತರ ಪುಟದಲ್ಲಿ ಬರೆದುಬಿಟ್ಟೆ.

ಮನೆಗೆ ರಜೆ. ದೊಡ್ಡಮ್ಮ ಊಟ ಮಾಡಿ ಒರಗಿದ್ದಳು. ಕೈ ನಡುಗುತ್ತದೆ ಅಂದುಕೊಂಡಿದ್ದೆ, ನಡುಗಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. 'ಹಿತ್ತಿಲ ಕೋಣೆ ಇವತ್ತು ಮುಗಿಯಿತು.' ಅಷ್ಟೇ ಬರೆಯಬೇಕೆಂದಿದ್ದೆ. ಅಷ್ಟೇ ಸಾಕಿತ್ತು. ಆದರೆ ಬರೆದ ಮೇಲೆ ನೋಡಿದರೆ ಅದು ಮೇಸ್ತ್ರಿಯ ಲೆಕ್ಕದ ಹಾಗಿತ್ತು, ಅವರ ಹಾಗಿರಲಿಲ್ಲ. ಅವರು ಎಷ್ಟೇ ಸಣ್ಣದು ಬರೆದರೂ ಕೊನೆಯಲ್ಲಿ ಒಂದು ನಿಟ್ಟುಸಿರು ಬಿಟ್ಟೇ ಪೆನ್ನು ಎತ್ತುವುದು. ಹನ್ನೆರಡು ವರ್ಷ ಅವರ ಹಿಂದೆ ಹಿಂದೆ ಬರೆದ ಕೈ, ತಾನಾಗಿ ಮುಂದೆ ಹೋಯಿತು.

'ಇಲ್ಲಿ ಕೂತರೆ ಮತ್ತೆ ಬರೆಯಬಹುದೇನೋ.'

ಚೆನ್ನಾಗಿ ಬಂದಿದೆ. ಅವರೇ ಬರೆದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ ಅನ್ನಿಸಿತು. ನಾಚಿಕೆಗೆಟ್ಟವಳು ನಾನು.

ಕಿಟಕಿಯ ಬಿಸಿಲಿನಲ್ಲಿದೆ ಈಗ.

ಮಾರ್ಚ್ 12, ಬುಧವಾರ

ಟೇಪಿನ ಮೇಡಂ ಕೈಗೆ ಡೈರಿ ಕೊಟ್ಟೆ. ಗುರುತಿಗೆ ನೂಲು ಇಟ್ಟಿದ್ದೆ. ಅವಳು ಓದುವಾಗ ನಾನು ಗೋಡೆಯ ಗಡಿಯಾರ ನೋಡುತ್ತಾ ನಿಂತೆ. ಒಮ್ಮೆ ಓದಿದಳು. ಹಿಂದಿನ ಪುಟ ತಿರುವಿದಳು. ಮುಂದಿನದನ್ನೂ. ಮತ್ತೆ ಓದಿದಳು.

"ಹಾಗಾದ್ರೆ ಕೋಣೆ ಅವರ ಕಾಲದ್ದೇ" ಅಂದಳು. "ಸದ್ಯ! ಕೀಳೋ ಮಾತೇ ಇಲ್ಲ ಬಿಡಿ."

ಪುಟದ ಫೋಟೋ ತೆಗೆದುಕೊಂಡಳು. ಅವಳು ಹೋದ ಮೇಲೆ ಮೆಟ್ಟಿಲ ಮೇಲೆ ಕೂತೆ. ಕೋಣೆ ಉಳಿಯಿತು. ದೊಡ್ಡಮ್ಮ ಉಳಿದಳು. ಇನ್ನು ಈ ವಿಷಯ ಇಲ್ಲೂ ಬರೆಯುವುದಿಲ್ಲ.

ಮಾರ್ಚ್ 21, ಶುಕ್ರವಾರ

ಏನು ಮಾಡಿಟ್ಟೆ ನಾನು.

ಕಾರ್ಯದರ್ಶಿ, ಟೇಪಿನ ಮೇಡಂ, ಜೊತೆಗೆ ಒಬ್ಬರು ಪ್ರೊಫೆಸರು. ಪ್ರೊಫೆಸರು ಚಪ್ಪಲಿ ಹೊರಗೇ ಬಿಟ್ಟು, ಹಿತ್ತಿಲ ಕೋಣೆಯ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡರು. ಕೊನೆಯ ಕಾದಂಬರಿ ಹನ್ನೊಂದನೇ ಅಧ್ಯಾಯಕ್ಕೆ ನಿಂತಿದೆಯಲ್ಲ, ಕಾಯಿಲೆ ಬಂದ ಮೇಲೆ ಅವರು ಅದನ್ನು ಮುಟ್ಟಲೇ ಇಲ್ಲ ಅಂತ ಇಷ್ಟು ವರ್ಷ ಎಲ್ಲರೂ ನಂಬಿದ್ದರಂತೆ. ಈಗ ಗೊತ್ತಾಯಿತಂತೆ. ಕೊನೆಯವರೆಗೂ ಹೋರಾಡಿದ್ದಾರೆ. ಬರೆಯಲಿಕ್ಕೆಂದೇ ಕೋಣೆ ಕಟ್ಟಿಸಿಕೊಂಡಿದ್ದಾರೆ. "ಇಲ್ಲಿ ಕೂತರೆ ಮತ್ತೆ ಬರೆಯಬಹುದೇನೋ... ಆ 'ಮತ್ತೆ' ನೋಡಿ ಸರ್, ಆ 'ಮತ್ತೆ'!" ಅಂತ ಕಾರ್ಯದರ್ಶಿಯವರ ಕೈ ಹಿಡಿದು ಅಲ್ಲಾಡಿಸಿದರು.

ಹಾಗಾಗಿ ಈಗ ಇಡೀ ಮನೆಯಲ್ಲಿ ಆ ಕೋಣೆಯೇ ಮುಖ್ಯ. ಕಡೆಯ ಬರವಣಿಗೆಯ ಕೋಣೆ. ಮೇಜು, ಕುರ್ಚಿ, ಬಾಗಿಲಿಗೆ ಹಗ್ಗ. ಒಳಗೆ ಯಾರೂ ಹೋಗುವ ಹಾಗಿಲ್ಲ. ಏಪ್ರಿಲ್ ಮೂರಕ್ಕೆ ಸ್ಮಾರಕದ ಸಮಿತಿ ನೋಡಲು ಬರುತ್ತದೆ. ಸಮಿತಿ ನೋಡಿಹೋದ ಮರುದಿನವೇ ದೊಡ್ಡಮ್ಮ ಖಾಲಿ ಮಾಡಬೇಕು.

ಮೊದಲ ಸಾಲಿಗೆ ನಿಲ್ಲಿಸಿದ್ದರೆ ಅದೊಂದು ಮಾಮೂಲಿ ಕೋಣೆ. ಮಾಮೂಲಿ ಕೋಣೆಯಲ್ಲಿ ಮುದುಕಿಯೊಬ್ಬಳು ಮಲಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅದೊಂದು ಸಾಲು, ನನ್ನ ಜಂಬದ ಸಾಲು, ಅವಳನ್ನು ಹೊರಗೆ ಹಾಕುತ್ತಿದೆ.

ಮಾರ್ಚ್ 22, ಶನಿವಾರ

ಇವತ್ತಿನದು ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ದೊಡ್ಡಮ್ಮ ಅವಳ ಮಂಚದ ಮೇಲೆ. ಟೇಪಿನ ಮೇಡಂ ಅವಳ ಕಾಲ ಹತ್ತಿರ ಸ್ಟೂಲ್ ಎಳೆದುಕೊಂಡು, ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಕೇಳಿದಳು. ಕಾರ್ಯದರ್ಶಿ, ಪ್ರೊಫೆಸರು ಬಾಗಿಲಲ್ಲಿ. ನಾನು ಕಿಟಕಿಯ ಹತ್ತಿರ.

"ಅಜ್ಜಿ, ಅವರು ಈ ಕೋಣೆಯಲ್ಲಿ ಕೂತು ಬರೀತಾ ಇದ್ದದ್ದು ನಿಮಗೆ ನೆನಪಿದೆಯಾ?"

"ಈ ಕೋಣೇಲಾ? ಇದೆಲ್ಲಿತ್ತಮ್ಮ ಆವಾಗ! ಇದು ಯಜಮಾನರು ಹೋದ ಮೇಲೆ ಕಟ್ಟಿದ್ದು. ಅಮ್ಮನವರು ಕಟ್ಟಿಸಿಕೊಟ್ರು ನನಗೆ."

ಕಾರ್ಯದರ್ಶಿ ನಕ್ಕರು. "ವಯಸ್ಸಾಯ್ತಲ್ಲ, ಹಿಂದುಮುಂದು ಆಗುತ್ತೆ."

"ಯಾಕಾಗುತ್ತೆ? ಯಜಮಾನರು ಕೊನೆ ಒಂದು ವರ್ಷ ಮಹಡಿಯಿಂದ ಇಳೀಲೇ ಇಲ್ಲ. ಊಟ ಹೊತ್ತು ಹೊತ್ತು ನನ್ನ ಮಂಡಿ ಹೋಯ್ತು."

ಟೇಪಿನ ಮೇಡಂ ಮೆತ್ತಗೆ ಹೇಳಿದಳು. ಒಳ್ಳೆಯ ಹುಡುಗಿ, ಅವಳ ತಪ್ಪಿಲ್ಲ. "ಅಜ್ಜಿ, ಅವರೇ ಡೈರಿಯಲ್ಲಿ ಬರೆದಿಟ್ಟಿದಾರೆ. ಕೋಣೆ ಮುಗೀತು ಅಂತ. ಅವರದೇ ಅಕ್ಷರ."

ದೊಡ್ಡಮ್ಮ ಮುಖ ನನ್ನ ಕಡೆ ತಿರುಗಿಸಿದಳು. ನಾನೆಲ್ಲಿ ನಿಂತಿದ್ದೇನೆ ಅಂತ ಅವಳಿಗೆ ಯಾವಾಗಲೂ ಗೊತ್ತಾಗುತ್ತದೆ.

"ಹೌದೇನೇ? ನೀನು ಓದಿದ್ಯಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಹೌದು ದೊಡ್ಡಮ್ಮ" ಅಂದೆ. "ಬರೆದಿದೆ."

"ಯಜಮಾನರು ಬರೆದಿದ್ರೆ..." ಅಂದಳು.

ಮಾರ್ಚ್ 27, ಗುರುವಾರ

ಐದು ದಿನದಿಂದ ಅವಳ ಮಾತು ಕಡಿಮೆಯಾಗಿದೆ. ಇವತ್ತು ಪಾತ್ರೆ ಒರೆಸುತ್ತಾ ಕೇಳಿದಳು.

"ನಿನ್ನನ್ನ ಕರ್ಕೊಂಡು ಬಂದಾಗ ಸುಣ್ಣ ಹಸಿ ಇತ್ತಲ್ವಾ?"

"ಇತ್ತು."

"ಹಳೇ ಗೋಡೆಗೆ ಹೊಸ ಸುಣ್ಣ ಬಳಿದಿದ್ರೋ ಏನೋ. ನನಗೆ ಬರೀ ಸುಣ್ಣದ ವಾಸನೆ ನೆನಪಿರೋದು." ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, "ಅಮ್ಮನವರು ನನಗೇ ಕಟ್ಟಿಸಿಕೊಟ್ರು ಅಂತ ಇಷ್ಟು ವರ್ಷ ಊರೆಲ್ಲಾ ಹೇಳ್ಕೊಂಡು ಬಂದೆನಲ್ಲೇ. ನಾನೇ ಕಟ್ಟಿಕೊಂಡ ಕಥೆಯೋ ಏನೋ. ಕಣ್ಣಂತೂ ಹೋಯ್ತು, ತಲೆ ನೆಟ್ಟಗಿದೆ ಅಂದುಕೊಂಡಿದ್ದೆ."

ಆಮೇಲೆ ಒಲೆಯ ಕಡೆ ಹೋಗುವಾಗ ಹೆಜ್ಜೆ ಎಣಿಸುವುದು ಬಿಟ್ಟು ಗೋಡೆ ಸವರುತ್ತಾ ಹೋದಳು. ಎಷ್ಟೋ ವರ್ಷದಿಂದ ಹಾಗೆ ಹೋದವಳಲ್ಲ. ಅಷ್ಟಾದರೂ ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು. ಅಯ್ಯೋ ಅನ್ನಲೂ ಇಲ್ಲ. "ನೋಡು, ಇದೂ ಮರೀತಾ ಇದೆ" ಅಂದಳು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹಣೆಗೆ ಮುಲಾಮು ಹಚ್ಚಿದೆ, ಅಷ್ಟೇ.

ಮಾರ್ಚ್ 29, ಶನಿವಾರ

ಗಾರೆ ಕೆಲಸಕ್ಕೆ ಮೇಸ್ತ್ರಿ ಬಂದಿದ್ದಾನೆ. ಪಕ್ಕದೂರಿನವನು, ಐವತ್ತರ ಮೇಲೆ ವಯಸ್ಸು. ಹಿತ್ತಿಲ ಕೋಣೆಯ ಮೂಲೆ ಕೆರೆದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ಈ ಮೂಲೆ ನಾನೇ ಕಟ್ಟಿದ್ದು. ನಮ್ಮಪ್ಪನ ಜೊತೆ ಬಂದಿದ್ದೆ, ನನ್ನ ಮೊದಲನೇ ಕೆಲಸ. ನೋಡಿ, ಸೊಟ್ಟ ಇದೆ. ಯಜಮಾನರು ಆವಾಗಲೇ ಹೋಗಿಬಿಟ್ಟಿದ್ರಲ್ಲ?"

ಕೋಣೆಯ ಬಾಗಿಲು ಮುಂದೆಳೆದೆ. ಅವನೇ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡ.

"ನಾನ್ಯಾಕೆ ಬಾಯಿ ಬಿಡಲಿ ಬಿಡಿ. ಇಡೀ ಮನೆ ಕೆಲಸ ಸಿಕ್ಕಿದೆ ನನಗೆ. ಆದ್ರೆ ಆ ದೊಡ್ಡಮ್ಮ ಬೆಳಿಗ್ಗೆ ನನ್ನನ್ನ ಕೇಳಿದ್ರು ಅಕ್ಕಾ, ಈ ಗೋಡೆ ಯಾವ ಕಾಲದ್ದಪ್ಪ ಅಂತ. ಗೊತ್ತಿಲ್ಲಮ್ಮ ಅಂದೆ. ಯಾಕೋ ಮನಸ್ಸಿಗೆ ಸರಿಹೋಗ್ಲಿಲ್ಲ."

ನಾನು ಹೇಳಿದ್ದು ಒಂದು ಸುಳ್ಳು. ಈಗ ಅದನ್ನು ಇನ್ನೊಬ್ಬನೂ ಹೊತ್ತುಕೊಂಡು ತಿರುಗುತ್ತಿದ್ದಾನೆ.

ಮಾರ್ಚ್ 31, ಸೋಮವಾರ

ಕಾರ್ಯದರ್ಶಿಯವರ ಆಫೀಸಿಗೇ ಹೋದೆ. ಬಾಗಿಲು ಹಾಕಿಕೊಂಡು ಎಲ್ಲಾ ಹೇಳಿದೆ. ನಂಬಲಿಲ್ಲ. ಮೇಜಿನ ಮೇಲಿದ್ದ ಲಕೋಟೆಯ ಹಿಂದೆ ಎರಡು ಸಾಲನ್ನೂ ಬರೆದು ತೋರಿಸಿದೆ.

ಅವರು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅದನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಬುಟ್ಟಿಗಲ್ಲ, ಜೇಬಿಗೆ.

"ನೀವು ಏನೂ ಹೇಳಿಲ್ಲ. ನಾನು ಏನೂ ಕೇಳಿಲ್ಲ."

"ಸರ್, ದೊಡ್ಡಮ್ಮ ತಮ್ಮ ತಲೆಯೇ ಕೆಟ್ಟಿದೆ ಅಂದುಕೊಂಡಿದಾರೆ..."

"ಇದು ಹೊರಗೆ ಬಂದ್ರೆ ಏನಾಗುತ್ತೆ ಯೋಚಿಸಿದೀರಾ? ಇದೊಂದೇ ಪುಟ ಅಲ್ಲ. ಬೀರುವಿನಲ್ಲಿರೋ ಒಂದೊಂದು ಹಾಳೆ ಮೇಲೂ ಅನುಮಾನ ಬರುತ್ತೆ. ಅವರದು ಯಾವುದು, ನಿಮ್ಮದು ಯಾವುದು? ಸ್ಮಾರಕವೂ ಇಲ್ಲ, ಟ್ರಸ್ಟೂ ಇಲ್ಲ. ನಿಮ್ಮ ಮೇಲೆ ಕೇಸು." ಆಮೇಲೆ ದನಿ ಇಳಿಸಿದರು. "ನೋಡಿ, ನಾನೇನು ಕಟುಕನಲ್ಲ. ಗೇಟಿನ ಹತ್ತಿರ ಟಿಕೆಟ್ ರೂಮಿದೆಯಲ್ಲ, ಅದನ್ನ ಅಜ್ಜಿಗೆ ಬಿಡಿಸಿಕೊಡ್ತೀನಿ. ಸಾಯೋವರೆಗೂ. ಈ ಸಲ ಬಾಯಿ ಮಾತಲ್ಲ, ಕಾಗದದಲ್ಲೇ ಕೊಡ್ತೀನಿ. ನೀವು ಮೂರನೇ ತಾರೀಕು ಸುಮ್ಮನೆ ನಿಂತಿದ್ರೆ ಸಾಕು."

ಬಸ್ಸಿನಲ್ಲಿ ವಾಪಸ್ ಬರುವಾಗ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಟಿಕೆಟ್ ರೂಮು ಆಗಬಹುದು. ಒಂದೇ ಆವರಣ. ಹೊಸ ಹೆಜ್ಜೆಗಳನ್ನು ನಾನೇ ಕಲಿಸಬಹುದು. ಬಾಯಿ ಮುಚ್ಚಿಕೊಂಡರೆ ಅವಳಿಗೆ ಸೂರು. ಬಾಯಿ ತೆರೆದರೆ ಕೋಣೆ ನೆಲಸಮ, ನನ್ನ ಕೆಲಸ ಹೋಯಿತು, ಇಬ್ಬರೂ ಬೀದಿಗೆ.

ಮನೆಗೆ ಬಂದರೆ ದೊಡ್ಡಮ್ಮ ಕತ್ತಲಾಗುವ ಮೊದಲೇ ಮಂಚದ ಮೇಲಿದ್ದಳು. ಒಲೆ ತಣ್ಣಗಿತ್ತು. ಯಾಕೆ ಅಂತ ಕೇಳಿದರೆ, "ಬೆಂಕಿ ಹತ್ರ ಹೋಗೋಕೆ ಧೈರ್ಯ ಬರ್ಲಿಲ್ಲ ಕಣೇ. ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ" ಅಂದಳು.

ಏಪ್ರಿಲ್ 1, ಮಂಗಳವಾರ

ಹೇಳಿಬಿಟ್ಟೆ. ಮಂಚದ ಪಕ್ಕ ನೆಲದ ಮೇಲೆ ಕೂತು, ಅವಳ ಮಂಡಿ ಹಿಡಿದುಕೊಂಡು.

ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಕೇಳಿದಳು, "ಏನಂತ ಬರೆದೆ? ಓದು."

ಹೇಳಿದೆ. ಎರಡೂ ಸಾಲು.

"ಇಲ್ಲಿ ಕೂತು ಬರೀತಾರಂತೆ!" ಒಂದು ಕ್ಷಣ ನಕ್ಕೇಬಿಟ್ಟಳು. "ಪಕ್ಕದಲ್ಲೇ ಪಾತ್ರೆ ತಿಕ್ಕೋ ಸದ್ದು, ಕಾಗೆ ಕಾಟ. ಯಜಮಾನರು ಇಲ್ಲಿ ಕೂತಿದ್ರೆ ನನ್ನನ್ನ ಬೈದೇ ಸಾಯ್ತಿದ್ರು." ಆ ನಗು ಕೇಳಿ ನನಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲೇ ನಗು ನಿಂತಿತು. ಮಂಡಿಯ ಮೇಲಿದ್ದ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟಳು.

"ಬರೆದದ್ದಕ್ಕೆ ಬೇಜಾರಿಲ್ಲ. ನನಗೋಸ್ಕರ ಬರೆದೆ. ಆದ್ರೆ ಅವತ್ತು ಅಷ್ಟು ಜನರ ಮುಂದೆ ನಾನು ನಿನ್ನನ್ನ ಕೇಳಿದೆನಲ್ಲ? ಹತ್ತು ದಿನ ನನ್ನನ್ನ ಹುಚ್ಚಿ ಮಾಡಿ ಕೂರಿಸಿದ್ಯಲ್ಲೇ. ಹಣೆ ಬಡಿಸಿಕೊಂಡಾಗಲೂ ಹೇಳ್ಲಿಲ್ಲ. ಮುಲಾಮು ಹಚ್ಚಿದೆ."

ಅತ್ತೆ. ಅವಳು ಸಮಾಧಾನ ಮಾಡಲಿಲ್ಲ.

ಕಾರ್ಯದರ್ಶಿ ಹೇಳಿದ್ದನ್ನೂ ಹೇಳಿದೆ. ಟಿಕೆಟ್ ರೂಮು, ಕಾಗದ, ಕೇಸು. ಏನು ಮಾಡಲಿ ಅಂದೆ.

"ನನ್ನನ್ನ ಕೇಳಬೇಡ. ನಾನು ನಿಜ ಹೇಳಿದ್ರೂ ಇನ್ನು ಯಾರೂ ನಂಬೋದಿಲ್ಲ. ಅದನ್ನೂ ನೀನೇ ಮಾಡಿಟ್ಟೆ. ಹೇಳೋದಿದ್ರೆ ನೀನೇ ಹೇಳಬೇಕು."

ಗೋಡೆಯ ಕಡೆ ತಿರುಗಿ ಮಲಗಿದಳು.

ಏಪ್ರಿಲ್ 3, ಗುರುವಾರ, ಬೆಳಿಗ್ಗೆ 9.20

ದೊಡ್ಡಮ್ಮ ಇವತ್ತು ನನಗಿಂತ ಮೊದಲೇ ಎದ್ದು, ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟಳು. ಕೈ ಕೊಡಲು ಹೋದೆ. "ಬೇಡ" ಅಂದಳು. ಗೋಡೆ ಮುಟ್ಟಲಿಲ್ಲ. ಜಗಲಿಯವರೆಗೆ ಒಬ್ಬಳೇ ನಡೆದು, ಕಂಬಕ್ಕೊರಗಿ ಕೂತಿದ್ದಾಳೆ.

ಕಾರ್ಯದರ್ಶಿಯವರ ಮೆಸೇಜು: ಟಿಕೆಟ್ ರೂಮಿನ ಕಾಗದ ರೆಡಿ, ಸಹಿ ಮಾಡಿ ತಂದಿದ್ದೇನೆ. ಕೆಳಗೆ ಕೈಮುಗಿಯುವ ಚಿತ್ರ.

ಬೀರುವಿನಿಂದ ಡೈರಿ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಪಕ್ಕದಲ್ಲಿ ಖಾಲಿ ಹಾಳೆ, ಪೆನ್ನು. ಇಟ್ಟಿದ್ದೇನೆ ಅಷ್ಟೇ. ಭಯ. ಬೀದಿಯ ಭಯ, ಕೇಸಿನ ಭಯ. ಇನ್ನೊಂದು ಭಯವೂ ಇದೆ, ಒಪ್ಪಿಕೊಳ್ಳಬೇಕು. ನಾಳೆಯಿಂದ ಈ ಅಕ್ಷರವನ್ನು ನಾನು ಬರೆಯುವ ಹಾಗಿಲ್ಲ.

10.35

ಗೇಟಿನ ಹತ್ತಿರ ಎರಡು ಕಾರು. ಸಮಿತಿಯವರು ಐದು ಜನ. ಪ್ರೊಫೆಸರು ಆಗಲೇ ಹಿತ್ತಿಲ ಕಡೆ ಕೈ ತೋರಿಸುತ್ತಿದ್ದಾರೆ. ಕಾರ್ಯದರ್ಶಿಯವರು ಕಿಟಕಿಯಲ್ಲಿ ನನ್ನನ್ನು ಕಂಡು, ಜೇಬು ತಟ್ಟಿ ತೋರಿಸಿದರು.

ಟೇಪಿನ ಮೇಡಂ ಜಗಲಿಯಲ್ಲಿ ದೊಡ್ಡಮ್ಮನ ಮುಂದೆ ಬಗ್ಗಿದ್ದಾಳೆ. ಮಗುವನ್ನು ಮಾತಾಡಿಸುವ ದನಿ. "ಅಜ್ಜಿ, ನಾನ್ಯಾರು ಗೊತ್ತಾಯ್ತಾ? ನೆನಪಿದೆಯಾ?" ಸಮಿತಿಯವರೊಬ್ಬರು ಪಾಪ ಅನ್ನುವ ಹಾಗೆ ನಗುತ್ತಿದ್ದಾರೆ. ದೊಡ್ಡಮ್ಮ ನಾನಿರುವ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಾಳೆ.

ಹೋಗಬೇಕು. ಮೊದಲ ಮಾತು ಇಲ್ಲೇ ಬರೆದುಕೊಂಡು ಹೋಗುತ್ತೇನೆ, ಅಲ್ಲಿ ನಾಲಿಗೆ ಹೊರಳದಿದ್ದರೆ ಕಷ್ಟ — ಮೇಡಂ, ಅವರಿಗೆ ಎಲ್ಲಾ ನೆನಪಿದೆ. ಅವರು ಅವತ್ತು ಹೇಳಿದ್ದೇ ನಿಜ. ಡೈರಿಯಲ್ಲಿ ಆ ಎರಡು ಸಾಲು ಬರೆದದ್ದು